ಬೀಗರ ಹಲ್ಲು

ತುಮಕೂರಿನ ಆ ಹಲ್ಲಿನ ಡಾಕ್ಟರಿಗೆ ಇನ್ನೂ ಚಿಕ್ಕ ವಯಸ್ಸು. ನನ್ನ ಮಗಳ ಬಾಯಿಗೆ ಲೈಟು ಬಿಟ್ಟು, ಪುಟ್ಟ ಕನ್ನಡಿ ಆಡಿಸಿ, ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ತಾವು ಏನು ಕೆಲಸ ಮಾಡುತ್ತೀರಿ ಎಂದು ಕೇಳಿದರು. ಕುಣಿಗಲ್ಲಿನಲ್ಲಿ ಹೈಸ್ಕೂಲ್ ಟೀಚರ್ ಎಂದೆ. ಯಾವ ಸಬ್ಜೆಕ್ಟು ಎಂದರು. ವಿಜ್ಞಾನ ಎಂದು ಅಷ್ಟು ಸಣ್ಣ ದನಿಯಲ್ಲಿ ನಾನು ಅದುವರೆಗೂ ಹೇಳಿರಲಿಲ್ಲ.

ಆ ಮನುಷ್ಯ ನಗಲಿಲ್ಲ. ನಕ್ಕಿದ್ದರೆ ಒಂದು ಜಗಳವಾಡಿ ಹಗುರಾಗಬಹುದಿತ್ತು, ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಅವರು ಮಾತ್ರ ಸಮಾಧಾನವಾಗಿ, ಎಡಗಡೆ ಕೆಳಗಿನ ದವಡೆಹಲ್ಲು ಪೂರ್ತಿ ಹುಳುಕಾಗಿದೆ, ಪಕ್ಕದ್ದಕ್ಕೂ ಶುರುವಾಗಿದೆ, ಒಸಡು ಊದಿದೆ ಎಂದರು. ನನ್ನ ಬಾಯಿ ಸುಮ್ಮನಿರಬೇಕಲ್ಲ. ಹಾಲುಹಲ್ಲು ತಾನೇ, ಹೇಗೂ ಬಿದ್ದುಹೋಗುತ್ತದಲ್ಲ, ಕಿತ್ತುಬಿಡಿ ಎಂದೆ. ಒಂದನೇ ಕ್ಲಾಸಿನ ಮಗಳು ಕುರ್ಚಿಯ ಮೇಲೆ ಬಾಯಿ ತೆರೆದುಕೊಂಡೇ ನನ್ನನ್ನು ಕೆಕ್ಕರಿಸಿ ನೋಡಿದಳು.

"ಬಸ್ಸಲ್ಲಿ ಸೀಟಿಗೆ ಟವಲ್ ಹಾಕಿರ್ತಾರಲ್ಲ ಮೇಡಂ, ಈ ಹಲ್ಲು ಹಂಗೆ" ಎಂದರು ಡಾಕ್ಟರು. "ಈಗಲೇ ಟವಲ್ ತೆಗೆದುಬಿಟ್ರೆ ಅಕ್ಕಪಕ್ಕದವರು ಸರ್ಕೊಂಡು ಕೂತ್ಕೋತಾರೆ. ನಾಲ್ಕೈದು ವರ್ಷ ಬಿಟ್ಟು ಸೀಟಿನವರು ಬಂದ್ರೆ ಅವರಿಗೆ ಜಾಗ ಎಲ್ಲಿ? ಸೊಟ್ಟಗೆ ನಿಂತ್ಕೋಬೇಕು."

ದಿನಾ ತುಮಕೂರಿನಿಂದ ಕುಣಿಗಲ್ಲಿಗೆ ಬಸ್ಸಿನಲ್ಲಿ ಹೋಗಿಬರುವವಳಿಗೆ ಇದಕ್ಕಿಂತ ಬಿಡಿಸಿ ಹೇಳಬೇಕಾಗಿರಲಿಲ್ಲ. ಆದರೂ ಸೋಲಲು ಮನಸ್ಸಿಲ್ಲದೆ, ನಮ್ಮ ಮನೆಗೆ ಚಾಕೊಲೇಟು ಕಾಲಿಡುವುದಿಲ್ಲ ಎಂದು ಹೆಮ್ಮೆಯಿಂದ ಹೇಳಿದೆ. ಸುಳ್ಳಲ್ಲ. ಸ್ಕೂಲಿನಲ್ಲಿ ಯಾರದೋ ಬರ್ತ್‌ಡೇಗೆ ಕೊಟ್ಟ ಚಾಕೊಲೇಟನ್ನು ಕೂಡ ನಾನು ಕಿತ್ತುಕೊಂಡು ಎಸೆಯುತ್ತಿದ್ದೆ. ಹಾಗಾದರೆ ಬೆಳಗಿನಿಂದ ಏನೇನು ತಿನ್ನುತ್ತಾಳೆ ಎಂದರು. ಎದ್ದಕೂಡಲೇ ಬೆಲ್ಲ ಹಾಕಿದ ಹಾಲು. ಬಸ್ಸಿನಲ್ಲಿ ವಾಂತಿಯಾಗದಿರಲೆಂದು ಬಿಸ್ಕತ್ತು. ಸ್ಕೂಲಿನ ಬಿಡುವಿಗೆ ಅಜ್ಜಿ ಕಳಿಸಿದ ಕೊಬ್ಬರಿ ಬೆಲ್ಲ. ಸಂಜೆ ಚಿಕ್ಕಿ, ಮನೆಗೆ ಬಂದು ಹಾಲಿಗೆ ಅದ್ದಿದ ರಸ್ಕು, ಮಲಗುವಾಗ ಇನ್ನೊಂದು ಲೋಟ ಹಾಲು. ಹೇಳುತ್ತಾ ಹೇಳುತ್ತಾ ನನ್ನ ದನಿ ತಾನಾಗಿ ಇಳಿಯಿತು.

"ಬಾಯಿಗೆ ಪುರುಸೊತ್ತು ಯಾವಾಗ ಮೇಡಂ?" ಎಂದರು.

ಬೆಲ್ಲವೋ ಸಕ್ಕರೆಯೋ ಹಲ್ಲಿಗೆ ಭೇದವಿಲ್ಲವಂತೆ. ಸಿಹಿ ಬಾಯಿಗೆ ಬಿದ್ದಾಗಲೆಲ್ಲ ಒಳಗಿನ ಕ್ರಿಮಿಗಳು ಅದನ್ನು ಆಮ್ಲ ಮಾಡುತ್ತವೆ, ಎಂಜಲಿಗೆ ಅದನ್ನು ತೊಳೆಯಲು ಹೊತ್ತು ಬೇಕು, ತೊಳೆದು ಮುಗಿಯುವ ಮೊದಲೇ ಇನ್ನೊಂದು ಚೂರು ಬಿದ್ದರೆ ಹಲ್ಲು ದಿನವಿಡೀ ಆಮ್ಲದಲ್ಲಿ ನೆನೆಯುತ್ತದೆ. ಎಷ್ಟು ತಿಂದಳು ಅನ್ನುವುದಕ್ಕಿಂತ ಎಷ್ಟು ಸಲ ತಿಂದಳು ಅನ್ನುವುದೇ ಮುಖ್ಯ, ಅಂಟಿಕೊಳ್ಳುವ ತಿಂಡಿಯಾದರೆ ಇನ್ನೂ ಕೆಟ್ಟದ್ದು. ಇದನ್ನೆಲ್ಲ ನಾನೇ ಬೋರ್ಡಿನ ಮೇಲೆ ಚಿತ್ರ ಬರೆದು ಪಾಠ ಮಾಡಿದ್ದೆ. ಡಾಕ್ಟರು ಹುಳುಕು ಕೆರೆದು ಹಲ್ಲು ತುಂಬಿಸಿದರು. ಮತ್ತೆ ಊದಿಕೊಂಡರೆ ಮಾತ್ರ ಕೀಳದೆ ಗತಿಯಿಲ್ಲ ಎಂದು ಎಚ್ಚರಿಸಿ ಕಳಿಸಿದರು.

ಮುಂದಿನ ಭಾನುವಾರ ಗುಬ್ಬಿಗೆ ಹೋದೆವು. ನನ್ನ ಗಂಡ ಹಿರೇಹಳ್ಳಿಯ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸದವರು, ರಜ ಸಿಕ್ಕ ಭಾನುವಾರವೆಲ್ಲ ಗುಬ್ಬಿಯ ಅವರಮ್ಮನ ಮನೆಗೆ ಮೀಸಲು. ನಮ್ಮತ್ತೆ ಒಳ್ಳೆಯ ಹೆಂಗಸು, ಆದರೆ ಕೈಯಲ್ಲಿ ಡಬ್ಬಿ ಇಲ್ಲದೆ ಮೊಮ್ಮಗಳ ಮುಂದೆ ನಿಂತವರಲ್ಲ. ಒಣಕೊಬ್ಬರಿ ಸಣ್ಣಗೆ ಹೆಚ್ಚಿ, ಅಚ್ಚುಬೆಲ್ಲ ಕತ್ತರಿಸಿ, ಹುರಿಗಡಲೆ ಸೇರಿಸಿ ಒಂದು ವಾರಕ್ಕಾಗುವಷ್ಟು ತುಂಬಿ ಕೊಡುತ್ತಿದ್ದರು. ಡಾಕ್ಟರು ಹೇಳಿದ್ದನ್ನು ನಾನು ಪಾಠದ ಥರ ಬಿಡಿಸಿ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. ಕೊನೆಗೆ, "ಬೆಲ್ಲಕ್ಕೆ ಹಲ್ಲು ಹೋಗೋದಾದ್ರೆ ನಿಮ್ಮಪ್ಪನಿಗೆ ಯಾಕಮ್ಮ ಹೋಗಿಲ್ಲ?" ಎಂದರು.

ಇದೇ ನನ್ನ ಕುತ್ತಿಗೆಗೆ ಬಿದ್ದ ಉರುಳು. ಕುಣಿಗಲ್ಲಿನ ನಮ್ಮಪ್ಪ ರಿಟೈರ್ಡ್ ಪಿ.ಟಿ. ಮಾಸ್ತರು. ಇಂದಿಗೂ ಬಿಳಿ ಪ್ಯಾಂಟು, ಬಿಳಿ ಕ್ಯಾನ್ವಾಸ್ ಶೂ, ಕಪ್ಪಗೆ ಬಣ್ಣ ಹಚ್ಚಿದ ಮೀಸೆ. ಬೆಳಗ್ಗೆ ಕೆರೆ ಏರಿಯ ಮೇಲೆ ವಾಕಿಂಗ್ ಹೊರಟರೆ ಎದುರು ಬಂದವರು ದಾರಿ ಬಿಡುತ್ತಾರೆ. ಅತ್ತೆಯ ಮನೆಯವರು ನನ್ನನ್ನು ನೋಡಲು ಬಂದ ದಿನ, ತಾನು ಹುಟ್ಟಿದಾಗಿನಿಂದ ಸಕ್ಕರೆ ಮುಟ್ಟಿದವನಲ್ಲ, ಜೇಬಿನಲ್ಲಿ ಬೆಲ್ಲದ ತುಂಡು ಇಟ್ಟುಕೊಂಡೇ ಬೆಳೆದವನು ಎಂದು ಅಪ್ಪ ಕಾಫಿ ಕುಡಿಯುತ್ತಾ ಕೊಚ್ಚಿಕೊಂಡಿದ್ದರು. ಕೊಚ್ಚಿಕೊಂಡು ಒಮ್ಮೆ ಜೋರಾಗಿ ನಕ್ಕಿದ್ದರು. ಸಾಲು ತಪ್ಪದ ಆ ಹಲ್ಲು ನೋಡಿ ನಮ್ಮತ್ತೆ ಬೆರಗಾಗಿದ್ದರು. ಹುಡುಗಿಯನ್ನು ಒಪ್ಪಿಕೊಂಡದ್ದು ಅಪ್ಪನ ಹಲ್ಲಿಗೋ ನನ್ನ ಮುಖಕ್ಕೋ ಎನ್ನುವುದು ನನಗೆ ಇಂದಿಗೂ ಅನುಮಾನ.

ಆ ಹಲ್ಲಿಗೆ ಅಂದು ಎರಡು ತಿಂಗಳ ವಯಸ್ಸು. ನನಗೆ ಗಂಡು ಹುಡುಕಲು ಶುರುಮಾಡಿದಾಗ ಬಾಯಲ್ಲಿ ಅಲ್ಲೊಂದು ಇಲ್ಲೊಂದು ಅಲ್ಲಾಡುತ್ತಿದ್ದವನ್ನೆಲ್ಲ ಕೀಳಿಸಿ, ಅಪ್ಪ ಗುಟ್ಟಾಗಿ ಹಲ್ಲುಸೆಟ್ ಕಟ್ಟಿಸಿಕೊಂಡಿದ್ದರು. ಜೊತೆಗೆ ಹೋಗಿದ್ದವಳು ನಾನು, ಸೆಟ್ ಕೈಗೆ ಬರುವವರೆಗೆ ನನ್ನ ಮುಂದೆಯೂ ಬಾಯಿಗೆ ಕರ್ಚೀಫು ಹಿಡಿದೇ ಇದ್ದರು. ಯಾರಿಗೂ ಹೇಳುವುದಿಲ್ಲ ಎಂದು ನನ್ನಿಂದಲೂ ಅಮ್ಮನಿಂದಲೂ ಆಣೆ ಹಾಕಿಸಿಕೊಂಡಿದ್ದರು. ನನ್ನ ಗಂಡನಿಗೂ ಗೊತ್ತಿರಲಿಲ್ಲ. ಒಂದೇ ಮನೆಯಲ್ಲಿ ಬಾಳುವ ಅಮ್ಮನಿಗೂ ಅವರು ಬೋಳುಬಾಯಿ ತೋರಿಸಿದವರಲ್ಲ, ಬಚ್ಚಲಿನ ಚಿಲಕ ಹಾಕಿಕೊಂಡೇ ತೊಳೆಯುತ್ತಿದ್ದರು. ಗುಬ್ಬಿಗೆ ಬಂದಾಗ ಸೀಬೆಹಣ್ಣನ್ನು ಚಾಕುವಿನಲ್ಲಿ ಎಳೆಎಳೆಯಾಗಿ ಕೊಯ್ದು ತಿನ್ನುವರು. ಕಬ್ಬು ಕೊಟ್ಟರೆ ಗಂಟಲು ಸರಿಯಿಲ್ಲ ಎನ್ನುವರು. ಅದನ್ನೆಲ್ಲ ನಮ್ಮತ್ತೆ ಪಿ.ಟಿ. ಮಾಸ್ತರ ಶಿಸ್ತು ಎಂದುಕೊಂಡಿದ್ದರು.

ಹೀಗಾಗಿ ಅತ್ತೆಯ ಪ್ರಶ್ನೆಗೆ ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇತ್ತು, ಉಗುಳುವ ಹಾಗಿರಲಿಲ್ಲ. ಡಬ್ಬಿ ತೆಗೆದುಕೊಂಡು ಬಂದೆ. ವಾರವಿಡೀ ಸ್ಟಾಫ್ ರೂಮಿನಲ್ಲಿ ಕೂತು ನಾನೇ ತಿಂದೆ. ನನ್ನ ಬ್ಲೌಸುಗಳೆಲ್ಲ ಬಿಗಿಯಾದವು.

ಮನೆಯಲ್ಲಿ ಕಾನೂನು ಬದಲಾಯಿತು. ಸಿಹಿ ಏನಿದ್ದರೂ ಊಟದ ಜೊತೆಗೆ, ತಿಂದ ಮೇಲೆ ಬಾಯಿ ಮುಕ್ಕಳಿಸಬೇಕು, ಹಲ್ಲುಜ್ಜಿ ಮಲಗಿದ ಮೇಲೆ ನೀರು ಬಿಟ್ಟು ಬೇರೇನೂ ಇಲ್ಲ. ಬಸ್ಸಿಗೆ ಬಿಸ್ಕತ್ತಿನ ಬದಲು ಸೌತೆಕಾಯಿ. ಮಗಳು ಎಲ್ಲಕ್ಕೂ ಒಪ್ಪಿದಳು. ಅಷ್ಟು ಸಲೀಸಾಗಿ ಒಪ್ಪಿದಾಗಲೇ ನನಗೆ ಅನುಮಾನ ಬರಬೇಕಿತ್ತು. ಕೆಲವು ವಾರದಲ್ಲಿ ನೋಡಿದರೆ ಒಂದೇ ಕಡೆಯಿಂದ ಅಗಿಯುತ್ತಿದ್ದಾಳೆ, ಎಡಗೆನ್ನೆ ಮುಟ್ಟಲು ಹೋದರೆ ಮುಖ ತಿರುಗಿಸುತ್ತಾಳೆ.

ಒಂದು ಬೆಳಗ್ಗೆ ಕುಣಿಗಲ್ ಬಸ್ಸಿನಲ್ಲಿ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಡಾಕ್ಟರ ಟವಲ್ಲಿನ ಕತೆಯನ್ನು ಮತ್ತೆ ಹೇಳಿ ಹೆದರಿಸಿದೆ. ಅವಳು ಕಿಟಕಿಯಾಚೆ ನೋಡುತ್ತಾ, "ಹೋದ್ರೆ ಹೋಗ್ಲಿ ಬುಡಮ್ಮ, ನಾನೂ ತಾತನ ಥರ ಡಬ್ಬಿ ಹಲ್ಲು ಹಾಕ್ಕೋತೀನಿ, ಅದು ನೋಯಲ್ಲ" ಎಂದಳು.

ಪಕ್ಕದ ಸೀಟಿನ ಹೆಂಗಸು ಕತ್ತು ತಿರುಗಿಸಿ ನನ್ನನ್ನು ನೋಡಿದಳು. ನಾನು ಮಗಳ ಕಿವಿಯಲ್ಲಿ ಪಿಸುಗುಟ್ಟಿ ಒಂದೊಂದೇ ವಿಷಯ ಹೊರಡಿಸಿದೆ. ಅವಳ ಸ್ಕೂಲು ನನ್ನಪ್ಪನ ಮನೆಯ ಬೀದಿಯಲ್ಲೇ ಇದೆ, ನನ್ನ ಸ್ಕೂಲು ಬಿಡುವವರೆಗೆ ಅವಳು ಅಲ್ಲೇ ಇರುತ್ತಾಳೆ. ಒಂದು ದಿನ ತಾತ ಮುಖದ ತುಂಬ ಮುಸುಕು ಹೊದ್ದು ಮಲಗಿದ್ದಾಗ ಕಿಟಕಿಯಲ್ಲಿದ್ದ ಪ್ಲಾಸ್ಟಿಕ್ ಡಬ್ಬಿ ತೆರೆದಿದ್ದಾಳೆ. ಒಳಗೆ ನೀರಿನಲ್ಲಿ ತಾತನ ನಗು ಕೂತಿದೆ. ಅಷ್ಟರಲ್ಲಿ ತಾತನಿಗೆ ಎಚ್ಚರವಾಗಿದೆ. ಇಬ್ಬರ ನಡುವೆ ಒಪ್ಪಂದವಾಗಿದೆ. ಇವಳು ಯಾರಿಗೂ ಹೇಳಬಾರದು, ತಾತ ದಿನಾ ಒಂದು ತುಂಡು ಕಲ್ಲುಸಕ್ಕರೆ ಕೊಡಬೇಕು. ಗ್ರೌಂಡಿನಲ್ಲಿ ಕೂಗಿ ಕೂಗಿ ಕೆಟ್ಟ ಗಂಟಲಿಗೆಂದು ಅಪ್ಪ ಮೊದಲಿನಿಂದಲೂ ಜೇಬಿನಲ್ಲಿ ಕಲ್ಲುಸಕ್ಕರೆ ಇಟ್ಟುಕೊಳ್ಳುವವರು. ಅದನ್ನು ಅಗಿಯಬಾರದು, ಕೆನ್ನೆಯಲ್ಲಿ ಇಟ್ಟುಕೊಂಡು ಯಾರದು ಹೆಚ್ಚು ಹೊತ್ತು ಇರುತ್ತದೆ ಎಂದು ಇಬ್ಬರಿಗೂ ಪಂದ್ಯ. ಯಾವ ಕೆನ್ನೆ ಎಂದು ಕೇಳಿದೆ. ಎಡಗೆನ್ನೆ ತೋರಿಸಿದಳು. ಹುಟ್ಟಿದಾಗಿನಿಂದ ಸಕ್ಕರೆ ಮುಟ್ಟಿದವರಲ್ಲವಂತೆ ಅಪ್ಪ. ಕಲ್ಲುಸಕ್ಕರೆ ಅವರ ಲೆಕ್ಕದಲ್ಲಿ ಸಕ್ಕರೆಯಲ್ಲ, ಔಷಧಿ.

ಬಸ್ಸಿಳಿದವಳು ಸೀದಾ ಅಪ್ಪನ ಮನೆಗೆ ನಡೆದೆ. ಅಪ್ಪ ಆಗ ತಾನೇ ವಾಕಿಂಗ್ ಮುಗಿಸಿ ಶೂ ಬಿಚ್ಚುತ್ತಿದ್ದರು.

"ನಿನ್ನ ಹಲ್ಲು ಮುಚ್ಚಿಡೋಕೆ ಇವಳ ಹಲ್ಲು ತಿನ್ನಿಸಿದ್ದೀಯಲ್ಲಪ್ಪ, ಇವಳಿಗೂ ಈಗ ಡಬ್ಬಿ ಹಲ್ಲೇ ಬೇಕಂತೆ" ಎಂದೆ.

ಅಪ್ಪ ಮೊಮ್ಮಗಳ ಕಡೆ ನೋಡಿದರು. ಅವಳು ಚಪ್ಪಲಿಯ ಬಕಲ್ಲಿನಲ್ಲಿ ಮುಳುಗಿದ್ದಳು. ಜೇಬಿನಿಂದ ಕಲ್ಲುಸಕ್ಕರೆಯ ಪೊಟ್ಟಣ ತೆಗೆದು ನನ್ನ ಕೈಗಿಟ್ಟರು. ಆಮೇಲೆ ಅವಳನ್ನು ಬಾಗಿಲ ಬೆಳಕಿಗೆ ಕರೆದು ಬಾಯಿ ತೆರೆಸಿದರು. ಊದಿದ ಒಸಡು, ಡಾಕ್ಟರು ತುಂಬಿಸಿದ್ದ ಬಿಳಿ, ಅದರ ಅಂಚಿನಲ್ಲಿ ಮತ್ತೆ ಹುಟ್ಟಿದ ಕಪ್ಪು. ಇಷ್ಟು ಚಿಕ್ಕ ಬಾಯಿ ಎಂದರು. ಬೈಯಬೇಕೆಂದು ಕೂಡಿಟ್ಟುಕೊಂಡಿದ್ದರಲ್ಲಿ ಅರ್ಧ ಅಲ್ಲಿಗೇ ಕರಗಿತು.

ಉಳಿದರ್ಧಕ್ಕೂ ಕಾರಣ ಸಿಕ್ಕಿತು. ಕಲ್ಲುಸಕ್ಕರೆ ನಿಂತರೂ ಗುಬ್ಬಿಯ ಡಬ್ಬಿ ನಿಂತಿರಲಿಲ್ಲ, ಭಾನುವಾರ ಹೋದಾಗ ಅತ್ತೆ ಮೊಮ್ಮಗಳನ್ನು ಎದುರಿಗೆ ಕೂರಿಸಿಕೊಂಡು ತಮ್ಮ ಕೈಯಾರೆ ತಿನ್ನಿಸುತ್ತಿದ್ದರು. ಅವರ ಬಾಯಿ ಮುಚ್ಚಿಸುವ ಮಾತು ಅಪ್ಪನ ಹತ್ತಿರ ಮಾತ್ರ ಇತ್ತು. ನೀನೇ ಹೇಳಿಬಿಡು ಎಂದು ಕೇಳಿಕೊಂಡೆ. ಅಪ್ಪ ಮೀಸೆ ಸವರಿಕೊಂಡರು. "ಬೇರೆ ಏನು ಬೇಕಾದ್ರೂ ಕೇಳು ಕಣಮ್ಮ. ಬೀಗರ ಮುಂದೆ ಅದೊಂದು ಬೇಡ" ಎಂದರು. ನಾನು ಪೊಟ್ಟಣ ಚರಂಡಿಗೆ ಎಸೆದು ಸ್ಕೂಲಿಗೆ ಹೋದೆ. ಅಂದಿನಿಂದ ಅವರ ಜೊತೆ ಮಾತು ಬಿಟ್ಟೆ. ಮಗಳನ್ನು ಬಿಡುವಾಗಲೂ ಕರೆದುಕೊಂಡು ಹೋಗುವಾಗಲೂ ಅಮ್ಮನ ಜೊತೆಗಷ್ಟೇ ಮಾತು.

ಸಂಕ್ರಾಂತಿ ಹತ್ತಿರ ಬಂತು. ಅಷ್ಟರಲ್ಲಿ ಒಸಡಿನ ಮೇಲೆ ಸಾಸಿವೆಯಂಥ ಗುಳ್ಳೆ ಎದ್ದಿತ್ತು. ಡಾಕ್ಟರು ಮತ್ತೆ ಕೆರೆದು, ಔಷಧಿ ಇಟ್ಟು, ಮೇಲೆ ಮುಚ್ಚಿದರು. ಇದೇ ಕೊನೆಯ ಪ್ರಯತ್ನ, ಹಬ್ಬ ಕಳೆದ ಮೇಲೆ ಕರೆದುಕೊಂಡು ಬನ್ನಿ, ಇಳಿದಿಲ್ಲವಾದರೆ ಕೀಳುತ್ತೇನೆ ಎಂದರು. ಹಬ್ಬದಲ್ಲಿ ಜೋಪಾನ ಎಂದೂ ಸೇರಿಸಿದರು. ಸಂಕ್ರಾಂತಿಯಲ್ಲಿ ಜೋಪಾನ ಎಂದರೆ ಮಳೆಯಲ್ಲಿ ನೆನೆಯಬೇಡ ಎಂದ ಹಾಗೆ. ಊರಿಗೆ ಊರೇ ತಟ್ಟೆ ಹಿಡಿದುಕೊಂಡು ಬೀದಿಗೆ ಬರುವ ಹಬ್ಬ ಅದು.

ಗುಬ್ಬಿಯಲ್ಲಿ ಅತ್ತೆ ಮೊಮ್ಮಗಳಿಗೆ ಜರಿಯ ಲಂಗ ಹೊಲಿಸಿದ್ದರು. ಎಳ್ಳು ಬೀರಲು ಅವಳು ತಟ್ಟೆ ಹಿಡಿದು ಮನೆಮನೆಗೂ ಹೊರಟಳು, ಹಿಂದೆ ನಾನು ಪೊಲೀಸಿನವಳ ಥರ. ಪ್ರತಿ ಮನೆಯಲ್ಲೂ ಎಳ್ಳು ಬೆಲ್ಲ ತಗೊಂಡು, ಎಳ್ಳು ಬೆಲ್ಲ ಕೊಟ್ಟು, ಲಕ್ಷಣವಾಗಿದ್ದೀಯ ಕಣೇ ಎಂದು ಒಂದು ಚಿಟಿಕೆ ಬಾಯಿಗೂ ಹಾಕಲು ಬರುವರು. ನಾನು ಅಡ್ಡ ಕೈ ಚಾಚಿ, ಆಮೇಲೆ ತಿನ್ನುತ್ತಾಳೆ, ಆಮೇಲೆ ತಿನ್ನುತ್ತಾಳೆ ಎನ್ನುವೆ. ಬೀದಿ ಮುಗಿಯುವುದರೊಳಗೆ ನನಗೆ ಸೊಕ್ಕಿನವಳು ಎಂಬ ಹೆಸರು ಬಂದಿತ್ತು.

ಮನೆಗೆ ಬಂದರೆ ನಡುಮನೆಯಲ್ಲಿ ಎಲ್ಲರೂ ಕೂತಿದ್ದರು. ಕುಣಿಗಲ್ಲಿನಿಂದ ಅಪ್ಪ ಅಮ್ಮ ಬಂದಿದ್ದರು. ಅಪ್ಪ ಇಸ್ತ್ರಿ ಮಾಡಿದ ಪಂಚೆ ಉಟ್ಟು ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು, ನನ್ನ ಕಡೆ ನೋಡಲಿಲ್ಲ. ಅತ್ತೆ ದೊಡ್ಡ ತಟ್ಟೆ ತಂದರು. ಎಳ್ಳು ಬೆಲ್ಲದ ರಾಶಿ, ಸುತ್ತ ಕಬ್ಬಿನ ತುಂಡು, ಮೇಲೆ ಸಕ್ಕರೆ ಅಚ್ಚುಗಳು. ಅದರಲ್ಲಿ ಒಂದು ಗಿಳಿ ಆರಿಸಿ ಮಗಳ ಬಾಯಿಯ ಹತ್ತಿರ ತಂದರು. ನಾನು ಅವರ ಕೈ ಹಿಡಿದೆ. ಬೀಗರ ಮುಂದೆ ಸೊಸೆ ಅತ್ತೆಯ ಕೈ ಹಿಡಿಯುವುದೆಂದರೆ ಸಣ್ಣ ವಿಷಯವಲ್ಲ. ನಮ್ಮಮ್ಮ ಸೆರಗು ಬಾಯಿಗೆ ಒತ್ತಿಕೊಂಡರು.

ಅತ್ತೆಯ ಮುಖ ಕೆಂಪಾಯಿತು. ಹಬ್ಬದ ದಿನ ಮಗುವಿನ ಬಾಯಿ ಕಟ್ಟುತ್ತೀಯಲ್ಲ, ನಾವೇನು ವಿಷ ಕೊಡುತ್ತೀವಾ ಎಂದರು. ಆಮೇಲೆ ನನ್ನನ್ನು ಬಿಟ್ಟು ಕುರ್ಚಿಯ ಕಡೆ ತಿರುಗಿ ಒಂದು ಕಬ್ಬಿನ ತುಂಡು ಎತ್ತಿ ಹಿಡಿದರು.

"ಬೀಗರೇ, ಇದನ್ನೊಂದು ಸಲ ಕಚ್ಚಿ ತೋರ್ಸಿ. ಬೆಲ್ಲ ತಿಂದ ಹಲ್ಲು ಹೆಂಗಿರುತ್ತೆ ಅಂತ ನಿಮ್ಮ ಮಗಳು ನೋಡ್ಲಿ."

ಅಪ್ಪ ಕಬ್ಬು ಕೈಗೆ ತಗೊಂಡರು. ಈಗ ಗಂಟಲಿನ ಕತೆ ಬರುತ್ತದೆ ಎಂದು ನಾನು ಕಾದೆ. ಅವರು ಕಬ್ಬನ್ನು ತಿರುಗಿಸಿ ತಿರುಗಿಸಿ ನೋಡಿದರು. ಅಜ್ಜಿಯ ಕೈಯ ಗಿಳಿಯನ್ನೇ ನೋಡುತ್ತಾ ಬಾಯಿ ಅರ್ಧ ತೆರೆದು ನಿಂತಿದ್ದ ಮೊಮ್ಮಗಳನ್ನು ನೋಡಿದರು. ಕಬ್ಬು ಕೆಳಗಿಟ್ಟರು, ಬಾಯಿಗೆ ಕೈ ಹಾಕಿದರು. ಮೇಲಿನ ಸಾಲು ಬಂತು. ಕೆಳಗಿನದೂ ಬಂತು. ಎರಡನ್ನೂ ತಟ್ಟೆಯಲ್ಲಿ ಎಳ್ಳು ಬೆಲ್ಲದ ಪಕ್ಕದಲ್ಲಿ ಇಟ್ಟರು.

ಅಪ್ಪನ ಕೆನ್ನೆ ಒಳಕ್ಕೆ ಹೋಗಿ, ಮೀಸೆ ಜೋತುಬಿತ್ತು. ನಾನೂ ಅವರನ್ನು ಹಾಗೆ ನೋಡಿದ್ದು ಅದೇ ಮೊದಲು. ನನಗೆ ತಟ್ಟನೆ ಅಳು ಬಂತು, ಮಾತು ಬಿಟ್ಟಿದ್ದಕ್ಕೆ ನಾಚಿಕೆಯಾಯಿತು.

"ಇದು ಕಟ್ಟಿಸಿದ್ದು ಕಣ್ರಮ್ಮ" ಎಂದರು ಅಪ್ಪ ಅತ್ತೆಗೆ. ಗ್ರೌಂಡಿನ ಆ ತುದಿಗೆ ಕೇಳುತ್ತಿದ್ದ ದನಿ ಬರೀ ಗಾಳಿಯಾಗಿತ್ತು, ಕಿವಿಗೊಟ್ಟು ಕೇಳಬೇಕಾಯಿತು. "ಒಂದೂ ನಂದಲ್ಲ. ಎಲ್ಲಾ ಬೆಲ್ಲಕ್ಕೇ ಹೋದ್ವು."

ಅಷ್ಟರಲ್ಲಿ ನನ್ನ ಮಗಳು, ತಾತ ನೀವೇ ಹೇಳಿಬಿಟ್ಟಿರಲ್ಲ, ಹಾಗಾದರೆ ಇನ್ನು ಕಲ್ಲುಸಕ್ಕರೆ ಇಲ್ಲವಾ ಎಂದು ಗಂಭೀರವಾಗಿ ಕೇಳಿದಳು. ಮೊದಲು ನಕ್ಕದ್ದು ನನ್ನ ಗಂಡ. ಆಮೇಲೆ ನಮ್ಮಮ್ಮನ ಸೆರಗಿನ ಹಿಂದಿನಿಂದ ಕಿಸಕ್ಕೆಂದಿತು. ಕೊನೆಗೆ ಅಪ್ಪನೂ ನಕ್ಕರು, ಹಲ್ಲಿಲ್ಲದ ಬಾಯಿ ಅಗಲಿಸಿ. ಅತ್ತೆ ಮಾತ್ರ ನಗಲಿಲ್ಲ, ತಟ್ಟೆಯನ್ನೇ ನೋಡುತ್ತಾ ನಿಂತಿದ್ದರು.

ಅಪ್ಪ ಮೊಮ್ಮಗಳನ್ನು ಹತ್ತಿರ ಕರೆದರು. ತಟ್ಟೆಯಿಂದ ಒಂದು ಕಡಲೆಬೀಜ ತೆಗೆದು ಬಾಯಿಗೆ ಹಾಕಿಕೊಂಡರು. ಆ ಕೆನ್ನೆಯಿಂದ ಈ ಕೆನ್ನೆಗೆ ಹೊರಳಿಸಿದರು, ಒಸಡಿನಲ್ಲಿ ಒತ್ತಿದರು, ಮತ್ತೆ ಹೊರಳಿಸಿದರು. ಕೊನೆಗೆ ಅಂಗೈಗೆ ಉಗುಳಿ ಅವಳಿಗೆ ತೋರಿಸಿದರು. ಬೀಜ ಇಡಿಯಾಗಿಯೇ ಇತ್ತು.

"ಡಬ್ಬಿ ಹಲ್ಲು ಬೇಕು ಅಂತೀಯಂತೆ" ಎಂದರು. "ಅದು ಸಿಗೋಕೆ ಮುಂಚೆ ಹಿಂಗಿರಬೇಕು ಮಗಾ."

ಅವಳು ಅಂಗೈಯನ್ನು ನೋಡಿದಳು, ತಾತನ ಬಾಯಿಯನ್ನು ನೋಡಿದಳು. ಕೈ ತಾನಾಗಿ ಎಡಗೆನ್ನೆಗೆ ಹೋಯಿತು. ಆಮೇಲೆ ಅಜ್ಜಿಯ ಕೈಯಲ್ಲಿದ್ದ ಸಕ್ಕರೆ ಗಿಳಿಯನ್ನು ತೆಗೆದುಕೊಂಡು ತಟ್ಟೆಯಲ್ಲಿ ತಾತನ ಹಲ್ಲಿನ ಪಕ್ಕದಲ್ಲಿ ಇಟ್ಟಳು. ಅತ್ತೆ ತಟ್ಟೆ ಎತ್ತಿಕೊಂಡು ಒಳಗೆ ಹೋದರು. ತಿರುಗಿ ಬಂದಾಗ ಹಲ್ಲುಸೆಟ್ ತೊಳೆದು ಬೆಳ್ಳಿ ಬಟ್ಟಲಿನಲ್ಲಿ ಇಟ್ಟಿದ್ದರು, ಇನ್ನೊಂದು ಕೈಯಲ್ಲಿ ಮೆತ್ತಗೆ ಕಲಸಿದ ಖಾರದ ಪೊಂಗಲ್ ಇತ್ತು. ಬೀಗರೇ ಮೊದಲು ಊಟ ಮಾಡಿ ಎಂದರು.

ಹಬ್ಬ ಕಳೆದ ಮೇಲೆ ಡಾಕ್ಟರು ಮತ್ತೆ ಲೈಟು ಬಿಟ್ಟು ನೋಡಿದರು. ಗುಳ್ಳೆ ಇಳಿದಿತ್ತು. ಕೀಳುವುದು ಬೇಡ, ಹೀಗೇ ನೋಡಿಕೊಂಡರೆ ಟವಲ್ ಉಳಿಯುತ್ತದೆ ಎಂದರು. ಅವತ್ತೇ ಕುಣಿಗಲ್ಲಿಗೆ ಫೋನ್ ಮಾಡಿ ಟವಲ್ಲಿನ ಕತೆಯ ಸಮೇತ ಅಪ್ಪನಿಗೆ ಹೇಳಿದೆ. ಆ ಕಡೆಯಿಂದ ಮೂಗು ಒರೆಸಿಕೊಂಡ ಸದ್ದು ಕೇಳಿಸಿತು.

ನಮ್ಮತ್ತೆ ಸೋಲುವವರಲ್ಲ. ಭಾನುವಾರದ ಡಬ್ಬಿಯಲ್ಲಿ ಈಗ ಉಪ್ಪು ಖಾರ ಹಾಕಿ ಹುರಿದ ಕಡಲೆಬೀಜ. ಸಾಕ್ಷಿ ಮಾತ್ರ ಹಳೆಯದೇ. ಯಾರ ಮನೆಯ ಮಗು ಬೆಲ್ಲ ಚೀಪುತ್ತಾ ಬಂದರೂ, ನಮ್ಮ ಬೀಗರನ್ನು ನೋಡಿದ್ದೀರಾ, ಬೆಲ್ಲ ತಿಂದು ತಿಂದು ಬಾಯಲ್ಲಿ ಒಂದೂ ಇಲ್ಲ ಎಂದು ಶುರುಮಾಡುತ್ತಾರೆ. ಗುಬ್ಬಿಯ ಆ ಬೀದಿಯಲ್ಲಿ ಗೊತ್ತಿಲ್ಲದವರು ಯಾರೂ ಉಳಿದಿಲ್ಲ.

ಹೋದ ತಿಂಗಳು ಅಪ್ಪ ಗುಬ್ಬಿಗೆ ಬಂದಿದ್ದಾಗ ಪಕ್ಕದ ಮನೆಯಾಕೆ ತನ್ನ ಮೊಮ್ಮಗನನ್ನು ದರದರ ಎಳೆದುಕೊಂಡು ಬಂದರು. ದಿನವಿಡೀ ಬಾಯಲ್ಲಿ ಬಿಸ್ಕತ್ತಂತೆ, ಹೇಳಿದ ಮಾತು ಕೇಳುವುದಿಲ್ಲವಂತೆ, ನೀವೊಂದು ಸಲ ತೋರಿಸಿಬಿಡಿ ಮೇಷ್ಟ್ರೇ ಎಂದರು. ಅಪ್ಪ ಅವತ್ತು ಮೀಸೆಗೆ ಹೊಸದಾಗಿ ಬಣ್ಣ ಹಚ್ಚಿಕೊಂಡು ಬಂದಿದ್ದರು. ಅಂಗಿಯ ಕಾಲರು ಸರಿಮಾಡಿಕೊಂಡು, ಬಾಗಿಲಲ್ಲಿ ನಿಂತ ಹೆಂಗಸರನ್ನು ಒಮ್ಮೆ ನೋಡಿದರು. ಆಮೇಲೆ ನನ್ನ ಮಗಳ ಕಡೆ ತಿರುಗಿ, ಟವಲ್ ಇದೆಯಾ ಎಂದು ಕೇಳಿದರು. ಅವಳು ಬಾಯಿ ಅಗಲಿಸಿ ಎಡಗಡೆಯ ಹಲ್ಲಿನ ಮೇಲೆ ಬೆರಳಿಟ್ಟು ತೋರಿಸಿದಳು. ಇದೆ ಎಂದು ಅಪ್ಪ ತಲೆದೂಗಿ, ಎಲ್ಲರ ಮುಂದೆ ತಮ್ಮ ಬಾಯಿಗೆ ಕೈ ಹಾಕಿದರು.